ಶಹಾಬಾದ್ ಕಲ್ಲಿನ ಕಾವು

ಲೇಸರ್ ಲ್ಯಾಬಿನಿಂದ ರಜೆಗೆ ಕಲಬುರಗಿಗೆ ಬಂದಿದ್ದೇನೆ. ರಾತ್ರಿ ಹತ್ತಾದರೂ ಅಂಗಳದ ಶಹಾಬಾದ್ ಕಲ್ಲು ಕಾವು ಬಿಡುತ್ತಲೇ ಇದೆ. "ಅಲ್ಲಿ ಏನ್ ಮಾಡ್ಲಿಕತ್ತಿ?" ಅಂತ ಅವ್ವ ಕೇಳಿದಳು. ಅವಳ ಅಂಗೈಯನ್ನು ಕಲ್ಲಿನ ಮೇಲೆ ಹಿಡಿಸಿದೆ. "ಈ ಕಾವೂ ಕಣ್ಣಿಗೆ ಕಾಣದ ಬೆಳಕೇ, ಇನ್‌ಫ್ರಾರೆಡ್. ಇಂಥ ಕಾಣದ ಬೆಳಕನ್ನೇ ಮಾಡ್ತೀನಿ."

ನನ್ನ ಲೇಸರ್‌ನಲ್ಲಿ ಬೆಳಕು ಹೊಮ್ಮಿಸುವುದು ಕ್ರೋಮಿಯಂ ಬೆರೆಸಿದ ಜಿಂಕ್ ಸೆಲೆನೈಡ್ ಹರಳು. ರೇಡಿಯೊ ಮುಳ್ಳು ತಿರುಗಿಸಿದ ಹಾಗೆ 2ರಿಂದ 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ನಡುವೆ ಬೇಕಾದ ತರಂಗಾಂತರ ಆರಿಸಬಹುದು. ಈ ಹರವು ಜಾಸ್ತಿ ಇರುವುದರಿಂದಲೇ ಬೆಳಕಿನ ಒಂದೊಂದು ಮಿಡಿತವನ್ನು ಕೆಲವೇ ಹತ್ತು ಫೆಮ್ಟೊಸೆಕೆಂಡಿಗೆ ಇಳಿಸಬಹುದು. ಸೆಕೆಂಡನ್ನು 10 ಲಕ್ಷ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ 100 ಕೋಟಿ ಭಾಗ ಮಾಡಿದರೆ ಒಂದು ಫೆಮ್ಟೊಸೆಕೆಂಡ್!

ಮಳೆಗಾಲದಲ್ಲಿ ಕಷ್ಟ. 2.7 ಮೈಕ್ರಾನ್ ಹತ್ತಿರ ಗಾಳಿಯ ತೇವವೇ ಬೆಳಕನ್ನು ನುಂಗುತ್ತದೆ. ಅದಕ್ಕೇ ಲೇಸರ್ ಇರುವ ಪೆಟ್ಟಿಗೆಗೆ ಒಣ ನೈಟ್ರೋಜನ್ ತುಂಬಬೇಕು.

"ಇಲ್ಲೇ ತಂದು ಹಚ್ಚು, ನಮ್ಮ ಗಾಳಿ ಒಣಾನೇ ಅದಲ್ಲ" ಅಂದಳು ಅವ್ವ.