ಬೇಕೂಂತ್ಲೇ ಸೀಯಿಸವ್ರಾ?

"ಬೇಕೂಂತ್ಲೇ ಸೀಯಿಸವ್ರಾ?"

ಶನಿವಾರ ರಾತ್ರಿ ದೊಡ್ಡಪ್ಪ ಕೇಳಿದ ಮಾತು. ಇವತ್ತು ಬುಧವಾರ. ಬೆಳಿಗ್ಗೆ ಮೈಸೂರಿನ ರಿಂಗ್ ರೋಡ್ ಸಿಗ್ನಲ್‌ನಲ್ಲಿ ನಿಂತಾಗಲೂ ಅದೇ ಕಿವಿಯಲ್ಲಿತ್ತು.

ಅಕ್ಕನ ಮಗ ಆಫೀಸ್ ಕೆಲಸದ ಮೇಲೆ ಬ್ರಸೆಲ್ಸ್‌ಗೆ ಹೋಗಿದ್ದ. ಬರುವಾಗ ಎರಡು ಬಾಟಲಿ ಬಿಯರ್ ತಂದ, ಕಾಲುಚೀಲದಲ್ಲಿ ಸುತ್ತಿಕೊಂಡು. ರೋಷ್‌ಫೋರ್ 10 ಅಂತ ಹೆಸರು. ಒಂದೊಂದೂ 330 ಎಂಎಲ್. ಮಂಡ್ಯದ ಹತ್ತಿರ ನಮ್ಮೂರಿನ ಮನೆಯ ತಾರಸಿಯಲ್ಲಿ ಮೂರು ಜನಕ್ಕೆ ಒಂದು ಬಾಟಲಿ ಬಿಚ್ಚೋಣ ಅಂದಾಗ ನನಗೆ ನಗು ಬಂತು. ತೀರ್ಥ ಕೊಡ್ತಿದ್ದೀಯೇನೋ ಅಂದೆ. ಅವನು ಲೇಬಲ್ ತೋರಿಸಿದ. 11.3 ಪರ್ಸೆಂಟ್. ನಮ್ಮ ಕಡೆ ಸ್ಟ್ರಾಂಗ್ ಅಂತ ಕುಡಿಯೋದು 8 ದಾಟಲ್ಲ. ಸುಮ್ನಾದೆ.

ಹುಡುಗ ಒಳ್ಳೆಯವನೇ. ಆದರೆ ಹೊರದೇಶ ನೋಡಿ ಬಂದ ಮೇಲೆ ಎಲ್ಲದಕ್ಕೂ ಒಂದು ಪಾಠ ಮಾಡ್ತಾನೆ. ಫ್ರೀಜರ್‌ನಲ್ಲಿ ಇಡಬೇಡಿ ಮಾವ, ನಾಲಿಗೆ ಮರಗಟ್ಟಿದರೆ ರುಚಿ ಹೇಗೆ ಗೊತ್ತಾಗುತ್ತೆ ಅಂದ. ಅದೊಂದು ಮಾತು ಒಪ್ಪಿದೆ. ನಾವು ಬಿಯರ್ ಅಷ್ಟು ತಣ್ಣಗೆ ಕುಡಿಯೋದೇ ಅದರಲ್ಲಿ ರುಚಿ ನೋಡೋಕೆ ಏನೂ ಇರಲ್ಲ ಅಂತ.

ಅಗಲ ಬಾಯಿನ, ಕಾಲಿರುವ ಗ್ಲಾಸ್ ಬೇಕಂತೆ. ನಮ್ಮಲ್ಲಿದ್ದದ್ದು ಸ್ಟೀಲ್ ಲೋಟ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆವು. ಗಟ್ಟಿ ಹುಣಸೆ ರಸದ ಬಣ್ಣ. ಮೇಲೆ ಫಿಲ್ಟರ್ ಕಾಫಿಯ ಹಾಗೆ ಕಂದು ನೊರೆ, ಬೇಗ ಇಳಿಯಲೇ ಇಲ್ಲ. ನಾನು ಮೂಸಿ, ಒಣದ್ರಾಕ್ಷಿ, ಖರ್ಜೂರ, ಕಳಿತ ಬಾಳೆಹಣ್ಣು, ಎಲ್ಲೋ ಒಂಚೂರು ಲವಂಗ ಅಂದೆ. ಹುಡುಗ ಮೇಷ್ಟ್ರ ಹಾಗೆ ತಲೆ ಆಡಿಸಿದ. ನಿಜ ಹೇಳಬೇಕಂದ್ರೆ ಅದರಲ್ಲಿ ಅರ್ಧ ಅವನ ಫೋನಲ್ಲೇ ಆಗಲೇ ಓದಿದ್ದೆ.

ದೊಡ್ಡಪ್ಪ ಏನೂ ಓದಿರಲಿಲ್ಲ. ಲೋಟದೊಳಗೆ ಮೂಗು ಇಟ್ಟವರು ಹಾಗೇ ಇದ್ದರು. ಆಮೇಲೆ ತಲೆ ಎತ್ತಿ, "ಇದೇನ್ಲಾ ಮಗ, ಪಾಕ ಸೀದಿರೋ ವಾಸ್ನೆ ಬತ್ತದೆ" ಅಂದರು.

ಹುಡುಗನ ಮುಖ ನೋಡಬೇಕಿತ್ತು. ಬೆಲ್ಜಿಯಂನಲ್ಲಿ ಇಂಥ ಕಪ್ಪು ಬಿಯರ್‌ಗೆ ಕ್ಯಾಂಡಿ ಶುಗರ್ ಅಂತ ಹಾಕ್ತಾರೆ. ಹೆಚ್ಚಾಗಿ ಬೀಟ್ ಗೆಡ್ಡೆಯ ಸಕ್ಕರೆ, ಕಪ್ಪಾಗುವವರೆಗೆ ಕಾಯಿಸಿದ್ದು. ನಮ್ಮ ಜೋನಿ ಬೆಲ್ಲದ ದೂರದ ನೆಂಟ ಅನ್ನಿ. ಅದನ್ನೇ ಅವನು ತಾತನಿಗೆ ಬಿಡಿಸಿ ಹೇಳಿದ. ಆಗ ಬಂದದ್ದು ಆ ಮಾತು. "ಬೇಕೂಂತ್ಲೇ ಸೀಯಿಸವ್ರಾ?"

"ಸೀಯಿಸಲ್ಲ ತಾತ. ಇನ್ನೇನು ಸೀಯುತ್ತೆ ಅನ್ನೋವಾಗ ಇಳಿಸ್ತಾರೆ."

ದೊಡ್ಡಪ್ಪ ಇಪ್ಪತ್ತೈದು ವರ್ಷ ಆಲೆಮನೆ ನಡೆಸಿದವರು. ಇನ್ನೇನು ಸೀಯುತ್ತೆ ಅನ್ನೋ ಆ ಗಳಿಗೆ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ಜೀವನವೆಲ್ಲ ಆ ಗಳಿಗೆಗೆ ಮೊದಲೇ ಕೊಪ್ಪರಿಗೆ ಇಳಿಸೋದರಲ್ಲೇ ಹೋಗಿದೆ. ಬೆಲ್ಲ ಹೊಂಬಣ್ಣಕ್ಕೆ ಬಂದರೆ ಮಂಡಿಯಲ್ಲಿ ರೇಟು. ಕಪ್ಪಾದರೆ ಮೂಗು ಮುರೀತಾರೆ. ಕಪ್ಪು ಬೆಲ್ಲ ಅಂದರೆ ಸಾರಾಯಿಗೆ ಅಂತಲೇ ಲೆಕ್ಕ, ಎಲ್ಲಿಗೆ ಹೋಗುತ್ತೆ ಅಂತ ಮಾರಿದವನೂ ಕೇಳುತ್ತಿರಲಿಲ್ಲ. 2007ರಲ್ಲಿ ಸಾರಾಯಿ ನಿಂತಿತು, ಬೆಲ್ಲದ ಮೇಲಿನ ಅನುಮಾನ ಮಾತ್ರ ನಿಲ್ಲಲಿಲ್ಲ. ಈಗಲೂ ಅಂಗಡಿಯಲ್ಲಿ ಜನ ಹಳದಿ ಅಚ್ಚನ್ನೇ ಕೈಗೆತ್ತಿಕೊಳ್ಳೋದು. ಆ ಹಳದಿಗೆ ಏನೇನು ಪುಡಿ ಹಾಕ್ತಾರೆ ಅಂತ ಗೊತ್ತಿದ್ದೂ. ನಮ್ಮ ಮನೆಯಲ್ಲೂ ಅಷ್ಟೇ.

ಅಲ್ಲಿ ನೋಡಿದರೆ ಅದೇ ಕಪ್ಪಿಗೆ ನೀಲಿ ಮುಚ್ಚಳ ಹಾಕಿ, ಮಠದ ಹೆಸರು ಬರೆದು ಮಾರ್ತಾರೆ. ಮಠ ಅಂದದ್ದು ತಮಾಷೆಗಲ್ಲ. ರೋಷ್‌ಫೋರ್ ಟ್ರಾಪಿಸ್ಟ್ ಅನ್ನೋ ಕ್ರೈಸ್ತ ಪಂಥದ ಸನ್ಯಾಸಿಗಳ ಮಠ. ಮಠದ ಗೋಡೆಯೊಳಗೋ ಅದರ ಪಕ್ಕದಲ್ಲೋ ಮಾಡಬೇಕು, ಸನ್ಯಾಸಿಗಳ ಉಸ್ತುವಾರಿ ಇರಬೇಕು, ಲಾಭ ಮಠದ ಖರ್ಚಿಗೆ, ದಾನಕ್ಕೆ ಹೋಗಬೇಕು. ಅಷ್ಟಿದ್ದರೇ ಟ್ರಾಪಿಸ್ಟ್ ಮುದ್ರೆ. "ಸ್ವಾಮ್ಗೋಳು ಕಾಯ್ಸದಾ ಇದು!" ಅಂತ ದೊಡ್ಡಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. ಭಕ್ತಿಯೋ ಗೇಲಿಯೋ ತಿಳಿಯಲಿಲ್ಲ.

ರುಚಿಯ ಮಾತು ಅರ್ಧಕ್ಕೇ ಬಿಟ್ಟೆ, ಅಲ್ವಾ? ಮೂಗಿಗೆ ಅಷ್ಟು ಸಿಹಿ ಹೇಳಿದ್ದು ನಾಲಿಗೆಗೆ ಅಷ್ಟು ಸಿಹಿಯಿಲ್ಲ. ಆ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದುಬಿಡುತ್ತೆ. ಬಾಯಲ್ಲಿ ಮೊದಲು ದುಂಡಗೆ, ಕೊನೆಗೆ ಒಣ ಒಣ, ತುಸು ಕಹಿ. ಗಂಟಲಿಂದ ಎದೆಗೆ ನಿಧಾನವಾಗಿ ಬಿಸಿ ಇಳಿಯಿತು. ಇನ್ನೊಂದು ವಿಷಯ, ಹೆಸರಲ್ಲಿರೋ 10 ಅಂದರೆ ಆಲ್ಕೊಹಾಲ್ ಅಲ್ಲವಂತೆ. ಹುಳಿ ಬರಿಸೋ ಮೊದಲು ರಸ ಎಷ್ಟು ಗಟ್ಟಿ ಇತ್ತು ಅನ್ನೋದಕ್ಕೆ ಬೆಲ್ಜಿಯಂನ ಹಳೇ ಅಳತೆ. ಇದು ಮಾತ್ರ ದೊಡ್ಡಪ್ಪನಿಗೆ ಭಾರಿ ಹಿಡಿಸಿತು. ಪಾಕದ ಹದ ನೋಡಿ ನಂಬರ್ ಕೊಡೋ ಜನ ಬುದ್ಧಿವಂತರೇ ಅಂದರು.

ತಳದ ಗಸಿ ಬಗ್ಗಿಸಬಾರದು ಅಂತ ಹುಡುಗ ಹೇಳುತ್ತಿದ್ದ ಹಾಗೇ ಅವರು ಬಾಟಲಿ ತಿರುವಿ ತಮ್ಮ ಲೋಟಕ್ಕೆ ಸುರಿದುಕೊಂಡರು. ಸುರಿದುಕೊಂಡು, ಗದ್ದೆ ಕಡೆ ನೋಡುತ್ತಾ, "ಅವತ್ತು ಮಲಗಿದ್ದು ನಾನೇ ಕಣ್ಲಾ" ಅಂದರು.

ಯಾವತ್ತು ಅಂತ ಕೇಳಬೇಕಿರಲಿಲ್ಲ. ಒಂದು ರಾತ್ರಿ ಇಡೀ ಕೊಪ್ಪರಿಗೆ ಸೀದು ಹೋದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಲೆಗೆ ರಚ್ಚು, ಅಂದರೆ ಕಬ್ಬಿನ ಸಿಪ್ಪೆ, ಹಾಕೋ ಆಳು ನಿದ್ದೆ ಮಾಡಿದ ಅಂತ ಕಥೆ. ಅವನನ್ನು ಬೆಳಿಗ್ಗೆಯೇ ಬಿಡಿಸಿ ಕಳಿಸಿದ್ದರು. ಅವನ ಹೆಸರು ಇಟ್ಟುಕೊಂಡು ಹಬ್ಬ ಹಬ್ಬಕ್ಕೂ ನಕ್ಕಿದ್ದೇವೆ. ದೊಡ್ಡಪ್ಪನೂ ನಗುತ್ತಿದ್ದರು. ಆ ಆಳು ತೀರಿಕೊಂಡು ಎಷ್ಟೋ ವರ್ಷವಾಯಿತು.

ನಮ್ಮ ದೊಡ್ಡಪ್ಪ ಕೈ ಬಿಗಿ, ಬಾಯಿ ಇನ್ನೂ ಬಿಗಿ. ಅದಕ್ಕೇ ಆ ಪ್ರಶ್ನೆ ಸಿಗ್ನಲ್‌ನಲ್ಲೂ ಕಾಡುತ್ತಿರೋದು. ಅವರು ಕೇಳಿದ್ದು ಬರೀ ಸಕ್ಕರೆಯ ಬಗ್ಗೆ ಅಂತ ಈಗ ಅನ್ನಿಸುತ್ತಿಲ್ಲ. ಅವತ್ತು ಯಾರಾದರೂ ಬಂದು, ಇದಕ್ಕೂ ಒಂದು ರುಚಿ ಇದೆ, ಇದನ್ನೂ ಕೊಳ್ಳೋರಿದ್ದಾರೆ ಅಂದಿದ್ದರೆ ಆ ಆಳಿನ ಕೆಲಸ ಉಳೀತಿತ್ತೋ ಏನೋ. ನಾನೇನು ಹೇಳಲಿ? ಹುಡುಗನೂ ಪಾಠ ನಿಲ್ಲಿಸಿದ್ದ.

ಸ್ವಲ್ಪ ಹೊತ್ತಾದ ಮೇಲೆ ಮಾತು ಬದಲಿಸೋಕೆ ಅಂತ ಅವನೇ ಎರಡನೇ ಬಾಟಲಿ ಎತ್ತಿ ತೋರಿಸಿದ. "ಇದನ್ನ ಇಡೋಣ ತಾತ. ಐದು ವರ್ಷ ಇಟ್ರೂ ಕೆಡಲ್ಲ, ಇನ್ನೂ ರುಚಿ ಬರುತ್ತೆ."

ದೊಡ್ಡಪ್ಪನಿಗೆ ಎಪ್ಪತ್ತೊಂಬತ್ತು. ಬಾಟಲಿ ಇಸ್ಕೊಂಡು ಕತ್ತಲಲ್ಲೇ ಒಂದು ಸುತ್ತು ತಿರುಗಿಸಿ ನೋಡಿದರು.

"ಐದು ವರ್ಸಾನಾ? ಬಿಚ್ಚಲಾ ಮಗ."