ಬೀದರ್ ಮದರಸಾ ಮಿನಾರು: ಅಂಕುಡೊಂಕು ಪಟ್ಟೆ ಕೊನೆಗೂ ಕೂಡಿತು

ಮಹಮೂದ್ ಗವಾನ್ ಮದರಸಾದ 1:100 ಮಾದರಿಯಲ್ಲಿ ಗೋಡೆ, ಕಮಾನು, ಅಂಗಳ ಮುಗಿದಿವೆ. ಕೆಲಸ ನಿಂತದ್ದು ಮಿನಾರಿನ ಮೈಮೇಲಿನ ಅಂಕುಡೊಂಕು ಟೈಲ್ಸ್ ಪಟ್ಟೆಯಲ್ಲಿ. 1472ರ ಕಟ್ಟಡದ ಎರಡು ಮಿನಾರುಗಳಲ್ಲಿ 1696ರ ಮದ್ದಿನ ಸ್ಫೋಟದ ನಂತರ ಉಳಿದದ್ದು ಇದೊಂದೇ. ಇದರ ಪಟ್ಟೆ ಹಾಳಾದರೆ ಮಾದರಿಗೆ ಬೀದರಿನ ಮುಖವೇ ಬರುವುದಿಲ್ಲ.

ಮಿನಾರು ಮೇಲೆ ಹೋದಂತೆ ಸಣ್ಣಗಾಗುತ್ತದೆ. ನಮ್ಮ ನಡುವಿನ ತುಂಡು ಕೆಳಗೆ 60 ಮಿ.ಮೀ., ಮೇಲೆ 48 ಮಿ.ಮೀ. ವ್ಯಾಸ, 120 ಮಿ.ಮೀ. ಎತ್ತರ. ಆಯತಾಕಾರದ ಡೆಕಾಲ್ (ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ, ಮುದ್ರಿಸಿದ ತೆಳು ಫಿಲ್ಮ್) ಸುತ್ತಿದರೆ ಮೇಲಂಚಿನಲ್ಲಿ ಸುಮಾರು 38 ಮಿ.ಮೀ. ಹೆಚ್ಚಾಗುತ್ತದೆ. ಕತ್ತರಿಸಿ ಕೂಡಿಸಿದರೆ ಅಂಕುಡೊಂಕಿನ ಹಲ್ಲುಗಳು ಅರ್ಧಕ್ಕೇ ತುಂಡಾಗುತ್ತವೆ.

ಸರಿಯಾದ ದಾರಿ ಬೀಸಣಿಗೆ ಆಕಾರ. ಹೊರಗಿನ ತ್ರಿಜ್ಯ 600.7, ಒಳಗಿನದು 480.6 ಮಿ.ಮೀ., ಕೋನ 18 ಡಿಗ್ರಿ. ಹನ್ನೆರಡು ಹಲ್ಲು ಬೇಕಿದ್ದರೆ ಅಗಲವನ್ನಲ್ಲ, ಕೋನವನ್ನು ಭಾಗಿಸಬೇಕು: ಹಲ್ಲಿಗೆ 1.5 ಡಿಗ್ರಿ. ಆಗ ಅದೇ ಹಲ್ಲು ಬುಡದಲ್ಲಿ 15.7, ತುದಿಯಲ್ಲಿ 12.6 ಮಿ.ಮೀ. ಆಗಿ ತಾನೇ ಕಿರಿದಾಗುತ್ತದೆ. ಪಟ್ಟೆಯ ತಿರುವುಗಳೆಲ್ಲ ಒಂದೇ ಕೇಂದ್ರದ ಕಮಾನುಗಳ ಮೇಲೇ ಬೀಳಬೇಕು. ಕೆಳಂಚು ನಡುವೆ 7 ಮಿ.ಮೀ.ನಷ್ಟು ಬಾಗಿರದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ.

ಇಷ್ಟಾದರೂ ಬೆಸುಗೆ, ಅಂದರೆ ಡೆಕಾಲಿನ ಎರಡು ತುದಿ ಕೂಡುವ ಗೆರೆ, ಬಿಡುವುದಕ್ಕೆ ಎರಡು ಕಾರಣ. ಪ್ರಿಂಟಿಂಗ್ ಅಂಗಡಿಯಲ್ಲಿ ‘ಪುಟಕ್ಕೆ ಹೊಂದಿಸು’ ಆಯ್ಕೆ ಇಟ್ಟಿದ್ದರೆ ಚಿತ್ರ 97 ಶೇಕಡಕ್ಕೆ ಕುಗ್ಗಿ ಸುತ್ತಳತೆಯಲ್ಲಿ 5.7 ಮಿ.ಮೀ. ಕಡಿಮೆ ಬೀಳುತ್ತದೆ, 100 ಶೇಕಡ ಎಂದು ನಿಂತು ಹೇಳಿಸಿ. ಇನ್ನೊಂದು ಪ್ರೈಮರ್, ಅಂದರೆ ಡೆಕಾಲಿಗೆ ಮೊದಲು ಬಳಿಯುವ ತಳಬಣ್ಣ: 0.2 ಮಿ.ಮೀ. ದಪ್ಪ ಕೂತರೆ ಸುತ್ತಳತೆ 1.3 ಮಿ.ಮೀ. ಏರುತ್ತದೆ. ಪ್ರೈಮರ್ ಒಣಗಿದ ಮೇಲೆ ಕಾಗದದ ಪಟ್ಟಿ ಸುತ್ತಿ ಅಳೆದು, ಆಮೇಲೆ ಚಿತ್ರ ಬರೆಯಿರಿ.

ಪ್ರಿಂಟರಿನಲ್ಲಿ ಬಿಳಿ ಶಾಯಿ ಇಲ್ಲ. ಅದಕ್ಕೇ ಬಿಳಿ ಪ್ರೈಮರ್ ಮೇಲೆ ಪಾರದರ್ಶಕ ಫಿಲ್ಮ್. ಬಿಳಿ ಫಿಲ್ಮಿನ ಕತ್ತರಿಸಿದ ಅಂಚು ಗೆರೆಯಾಗಿ ಕಾಣುತ್ತದೆ. ಟೈಲ್ಸ್ ಉದುರಿದ ಜಾಗಕ್ಕೆ ಕೊನೆಯಲ್ಲಿ ಗಾರೆಯ ಬಣ್ಣ ಬಳಿಯುವುದು.

ಮಾರುವವರು ಇಂಕ್‌ಜೆಟ್, ಲೇಸರ್ ಎರಡೂ ಹಾಳೆಗೆ ‘ವಾಟರ್‌ಸ್ಲೈಡ್’ ಎಂಬ ಒಂದೇ ಚೀಟಿ ಅಂಟಿಸಿ ಕಳಿಸುತ್ತಾರೆ. ಇದು ದುಡ್ಡು ಕೊಟ್ಟವರಿಗೆ ಮಾಡುವ ಅನ್ಯಾಯ. ಲೇಸರ್ ಹಾಳೆ ಮೇಲೆ ಇಂಕ್‌ಜೆಟ್ ಶಾಯಿ ಹಿಡಿಯುವುದೇ ಇಲ್ಲ.

ಅಂದಹಾಗೆ ಮುಂದಿನ ಮಾದರಿ ಬೀದರಿನ ಹಳೆಯ ನೆಲದಡಿಯ ನೀರಿನ ಸುರಂಗ ನೌಬಾದ್ ಕರೇಜ್, ಅಕ್ರಿಲಿಕ್ ಹಾಳೆಗಳ ನಡುವೆ ಸೀಳುನೋಟದಲ್ಲಿ. ಮೇಲೆ ನೀರಿಳಿಸುವ ಜಂಬಿಟ್ಟಿಗೆ, ಅಡಿಯಲ್ಲಿ ಕಪ್ಪುಕಲ್ಲು, ನಡುವೆ ಸುರಂಗ. ಪಂಪಿಲ್ಲದೆ ಇಳಿಜಾರಿನಲ್ಲೇ ನೀರು ಹರಿಸಬೇಕು. ಮೊರಂ ಜರಡಿ ಹಿಡಿದಿಟ್ಟಾಗಿದೆ.

ಮಿನಾರಿಗೆ ಬಂದರೆ, ಇಂಕ್‌ಜೆಟ್ ಚಿತ್ರಕ್ಕೆ ತೆಳುವಾಗಿ ಮೂರು ಸಲ ಲ್ಯಾಕರ್ ಹೊಡೆದು, ರಾತ್ರಿಯಿಡೀ ಒಣಗಿಸಿಯೇ ನೀರಿಗೆ ಹಾಕಿ. ಬೆಸುಗೆಯನ್ನು ಅಂಗಳದ ಕಡೆಗೆ ತಿರುಗಿಸಿ ಕೂರಿಸಿ.