ರಾಡು ಮರಿ ಹಾಕಿದ ದಿನ

ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ, "ಸಾರ್, ನಂಬರ್ ಪಂಚ್ ಸೆಟ್ ಯಾಕೆ ನಿಮ್ಮ ಡ್ರಾಯರ್‌ನಲ್ಲಿ ಬೀಗ ಹಾಕಿ ಇಟ್ಕೊಂಡಿದೀರ?" "ಕಳೆದುಹೋಗುತ್ತೆ ಕಣೋ" ಅಂದೆ. ಸುಳ್ಳು. ಪಂಚ್ ಸೆಟ್ ಅಂದರೆ ಸುತ್ತಿಗೆಯಿಂದ ಲೋಹದ ಮೇಲೆ ಅಂಕಿ ಹೊಡೆಯುವ ಅಚ್ಚುಗಳು, ಅದನ್ನು ಯಾರೂ ಕದಿಯುವುದಿಲ್ಲ. ನಿಜ ಹೇಳಿದರೆ ಅರ್ಧ ಗಂಟೆ ಬೇಕು, ಮರ್ಯಾದೆಯೂ ಹೋಗುತ್ತೆ. ಇಲ್ಲಿ ಬರೆದರೆ ಮರ್ಯಾದೆ ಸ್ವಲ್ಪ ಕಡಿಮೆ ಹೋಗಬಹುದು.

2019ರ ಮಾತು. ಪೀಣ್ಯ ಸೆಕೆಂಡ್ ಸ್ಟೇಜಿನ ಒಂದು ಸಣ್ಣ ಮಷೀನ್ ಶಾಪಿನಲ್ಲಿ ನಾನು ಕ್ವಾಲಿಟಿ ನೋಡುತ್ತಿದ್ದೆ. ಕ್ವಾಲಿಟಿ ಅಂದರೆ ಹೆಸರಿಗೆ. ಡಿಸ್ಪ್ಯಾಚ್, ಟೆಂಪೋ ಹುಡುಕುವುದು, ಓನರ್ ಕೈಲಿ ಬೈಸಿಕೊಳ್ಳುವುದು ಎಲ್ಲ ನಂದೇ. ಆ ವರ್ಷ ನಮಗೆ ಸರ್ಕಾರಿ ಆಯುಧ ಕಾರ್ಖಾನೆಯೊಂದರ ಆರ್ಡರ್ ಸಿಕ್ಕಿತ್ತು. ತೋಪಿಗೆ ಹೋಗುವ ಒಂದು ಪಿನ್. ಕೈಯಲ್ಲಿ ಹಿಡಿದರೆ ದಪ್ಪ ಮೆಣಸಿನಕಾಯಿ ಬಜ್ಜಿಯಷ್ಟು. ಆದರೆ ತೋಪಿಗೆ ಅಂದ ಕೂಡಲೇ ನಮ್ಮ ಹುಡುಗರ ನಡಿಗೆಯೇ ಬದಲಾಯಿತು. ಅದೇ ಏಪ್ರಿಲ್‌ನಲ್ಲಿ ಜಬಲ್‌ಪುರದಲ್ಲಿ ಮೊದಲ 6 ಧನುಷ್ ತೋಪುಗಳನ್ನು ಸೈನ್ಯಕ್ಕೆ ಕೊಟ್ಟಿದ್ದರು. ಎಲ್ಲರ ಮೊಬೈಲಿನಲ್ಲೂ ಆ ವಿಡಿಯೋ.

ಟೀ ಟೈಮಲ್ಲಿ ನಾನೇ ಮೇಷ್ಟ್ರು. 1986ರಲ್ಲಿ ಬೋಫೋರ್ಸ್ ತೋಪು ಕೊಂಡಾಗ ಜೊತೆಗೆ ಬಂದ ಡ್ರಾಯಿಂಗ್‌ಗಳನ್ನೇ ಆಧಾರ ಮಾಡಿಕೊಂಡು ನಮ್ಮವರು ಧನುಷ್ ಮಾಡಿದ್ದು, ಬೋಫೋರ್ಸ್ 39 ಕ್ಯಾಲಿಬರ್, ಇದು 45, ಅಂದರೆ ನಳಿಗೆಯ ಬಾಯಿ 155 ಎಂಎಂ ಇದೆಯಲ್ಲ, ಅದರ 45 ಪಟ್ಟು ನಳಿಗೆಯ ಉದ್ದ, ಗುಣಿಸಿ ನೋಡ್ರೋ, ಹತ್ತಿರ ಹತ್ತಿರ 7 ಮೀಟರ್, ಅಂತೆಲ್ಲ ಬಿಡುತ್ತಿದ್ದೆ. ಬನ್ ತಿನ್ನುತ್ತಾ ಎಲ್ಲರೂ ತಲೆ ಆಡಿಸುತ್ತಿದ್ದರು. 2017ರ ಬೇರಿಂಗ್ ಕಥೆಯನ್ನೂ ಹೇಳಿದ್ದೆ. ಧನುಷ್‌ಗೆ ಜರ್ಮನಿಯದು ಅಂತ ಕೊಟ್ಟ ಬೇರಿಂಗ್ ಚೀನಾದ್ದು ಅಂತ ಸಿಬಿಐ ಕೇಸು ಹಾಕಿತ್ತಲ್ಲ, ಅದು. "ಇಲ್ಲದ ಹೆಸರು ಹೊಡೆದು ಕಳಿಸೋಕೆ ಕೈ ಹೇಗೆ ಬರುತ್ತೋ ಜನಕ್ಕೆ" ಅಂದಿದ್ದೆ. ಈ ಮಾತು ನೆನಪಿಟ್ಟುಕೊಳ್ಳಿ.

ನಮ್ಮ ಪಿನ್ನಿಗೆ ಇಎನ್ 24 ಅನ್ನುವ ಗಟ್ಟಿ ಜಾತಿಯ ಸ್ಟೀಲು. 60 ಪೀಸಿನ ಲಾಟ್. ಓನರ್ ಮೆಟೀರಿಯಲ್ ತರಿಸುವ ರೀತಿ ಹೇಗಂದರೆ, ಮದುವೆ ಮನೆಯಲ್ಲಿ ಎಲೆ ಹಾಕಿದ ಮೇಲೆ ಅಕ್ಕಿಗೆ ಆಳು ಕಳಿಸಿದ ಹಾಗೆ. ಒಂದು ಬಾರ್ ಒಂದು ಹೀಟಿನದು (ಹೀಟ್ ಅಂದರೆ ಮಿಲ್ಲಿನಲ್ಲಿ ಒಂದು ಸಲಕ್ಕೆ ಕರಗಿಸಿದ ಸ್ಟೀಲು) ಬಂತು, ಸಾಲದು ಅಂತ ಆಮೇಲೆ ಒಂದು ತುಂಡು ಬಂತು, ಅದು ಬೇರೆ ಹೀಟು. ಎರಡಕ್ಕೂ ಟಿಸಿ, ಅಂದರೆ ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್, ಇತ್ತು. ನಿಯಮದ ಪ್ರಕಾರ ಪ್ರತಿ ಪೀಸು ಕತ್ತರಿಸುವ ಮೊದಲು ಅದರ ಮೇಲೆ ಹೀಟ್ ನಂಬರ್ ಹೊಡೆಯಬೇಕು. ಯಾಕಂದರೆ ಬಾರಿನ ನಂಬರ್ ಇರುವುದು ಒಂದು ತುದಿಯಲ್ಲಿ ಮಾತ್ರ, ಗುರುತಿನ ಬಣ್ಣವೂ ಅಲ್ಲೇ. ಸೆಕೆಂಡ್ ಶಿಫ್ಟಿನವನು ಇದ್ಯಾವುದೂ ಮಾಡದೆ ಎರಡೂ ಬಾರನ್ನು ಬ್ಯಾಂಡ್‌ಸಾ ಗರಗಸಕ್ಕೆ ಕೊಟ್ಟು ಒಂದೇ ಟ್ರೇಗೆ ಸುರಿದು ಮನೆಗೆ ಹೋಗಿದ್ದ. ಬೆಳಿಗ್ಗೆ ಬಂದು ನೋಡಿದರೆ 60 ಪೀಸು, ಎಲ್ಲವೂ ಅವಳಿ ಜವಳಿ. ಯಾವುದು ಯಾವ ಹೀಟು ಅಂತ ಆ ದೇವರಿಗೇ ಗೊತ್ತು.

ಇಲ್ಲಿಯವರೆಗೆ ತಪ್ಪು ಅವನದು. ಇನ್ನು ಮುಂದಿನದು ಪೂರ್ತಿ ನಂದು.

ಸ್ಟೇಜ್ ಇನ್ಸ್‌ಪೆಕ್ಷನ್‌ಗೆ ಗಿರಾಕಿ ಕಡೆಯ ಇನ್ಸ್‌ಪೆಕ್ಟರ್ ಅವತ್ತೇ ಬರುವವರಿದ್ದರು. ತಪ್ಪಿಸಿದರೆ ಮುಂದಿನ ಡೇಟು ಯಾವಾಗಲೋ, ಎಲ್‌ಡಿ, ಅಂದರೆ ತಡವಾದದ್ದಕ್ಕೆ ದಂಡ, ಬೀಳುತ್ತೆ. ಎರಡೂ ಟಿಸಿ ಪಕ್ಕ ಪಕ್ಕ ಇಟ್ಟು ನೋಡಿದೆ. ಗ್ರೇಡ್ ಒಂದೇ, ಕೆಮಿಸ್ಟ್ರಿ ಎರಡೂ ಲಿಮಿಟ್ಟಿನ ಒಳಗೇ. ಜೊತೆಗೆ ನಮ್ಮ ದರಿದ್ರ ಸಾಫ್ಟ್‌ವೇರು ಬೇರೆ, ಒಂದು ಲಾಟಿಗೆ ಒಂದೇ ಹೀಟ್ ನಂಬರ್ ತಗೊಳ್ಳುತ್ತೆ, ಎರಡನೆಯದು ಹಾಕಿದರೆ ಕೆಂಪಗಾಗುತ್ತೆ. ಕಂಪ್ಯೂಟರೇ ಒಂದು ಸಾಕು ಅಂತಿದೆಯಲ್ಲ ಅನ್ನಿಸಿತು. ಹೆಲ್ಪರ್ ಹುಡುಗನನ್ನು ಕರೆದು, "ಎಲ್ಲಕ್ಕೂ ಇದೇ ನಂಬರ್ ಹೊಡಿ" ಅಂತ ಮೊದಲ ಬಾರಿನ ನಂಬರ್ ಬರೆದುಕೊಟ್ಟೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ಎಲ್ಲಕ್ಕೂನಾ ಸಾರ್?" ಅಂದ. "ಹೂಂ ಕಣೋ, ಬೇಗ" ಅಂದೆ. ಅವನೊಬ್ಬನಿಂದ ಆಗಲ್ಲ ಅಂತ ಕೊನೆಯ ಇಪ್ಪತ್ತು ಪೀಸು ನಾನೇ ಕೂತು ಹೊಡೆದೆ. ಟಕ್, ಟಕ್, ಟಕ್. ಆಗ ಬೇರಿಂಗ್ ಕಥೆ ನೆನಪಾಯಿತಾ ಅಂತ ಕೇಳಬೇಡಿ. ಆಗಲಿಲ್ಲ. ಅವರು ಕಳ್ಳರು, ನಾನು ಕೆಲಸ ಮುಗಿಸುತ್ತಿರುವವನು, ಅಷ್ಟೇ ಇದ್ದದ್ದು ತಲೆಯಲ್ಲಿ.

ಇನ್ಸ್‌ಪೆಕ್ಟರ್ ಧಾರವಾಡ ಕಡೆಯವರು. ಮೆತ್ತಗಿನ ಮನುಷ್ಯ. ಬಂದವರೇ ಮೈಕ್ರೋಮೀಟರ್ ಕೇಳುತ್ತಾರೆ ಅಂತ ನಾನು ಕ್ಯಾಲಿಬ್ರೇಷನ್ ಫೈಲು ಹಿಡಿದು ನಿಂತಿದ್ದೆ. ಅವರು ಅದನ್ನು ನೋಡಲೇ ಇಲ್ಲ. ಕುರ್ಚಿಯಲ್ಲಿ ಕೂತು, ಒಂದು ಪೀಸು ಎತ್ತಿಕೊಂಡು, ಪಂಚ್ ಹೊಡೆದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಹೊಸ ಪಂಚಿನ ಅಂಚು ಚುಚ್ಚುತ್ತದೆ, ಮುಟ್ಟಿದವರಿಗೆ ಗೊತ್ತು.

"ಇನ್‌ವರ್ಡ್ ರಿಜಿಸ್ಟರ್ ತರ್ರಿ."

ಒಳಗೆ ಬಂದ ಮಾಲು ಬರೆದಿಡುವ ಪುಸ್ತಕ ಅದು, ತಂದುಕೊಟ್ಟೆ. ಆ ಹೀಟ್ ನಂಬರಿನ ಸಾಲಿನ ಮೇಲೆ ಬೆರಳಿಟ್ಟರು. 1 ಬಾರ್, 3 ಮೀಟರ್.

"ಕಟಿಂಗ್ ಉದ್ದ ಎಷ್ಟ್ರಿ?"

"63 ಸಾರ್."

"ಬ್ಲೇಡ್ ಎಷ್ಟು ತಿಂತೈತಿ?"

"2 ಎಂಎಂ ಸಾರ್, ಕರೆಕ್ಟಾಗಿ" ಅಂದೆ, ಜಂಬದಿಂದ. ಮೆಟೀರಿಯಲ್ ವೇಸ್ಟೇಜ್ ನೋಡುತ್ತಿದ್ದಾರೆ ಅಂದುಕೊಂಡಿದ್ದೆ ಕಣ್ರೀ. ಇದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

ಅವರು ಜಾಬ್ ಕಾರ್ಡಿನ ಹಿಂಬದಿ ತಿರುಗಿಸಿ, ಜೇಬಿನಿಂದ ಪೆನ್ಸಿಲ್ ತೆಗೆದು, ಸ್ಕೂಲ್ ಮಕ್ಕಳ ಹಾಗೆ ಭಾಗಾಕಾರ ಹಾಕಿದರು. 3000 ಭಾಗಿಸು 65. ನಿಧಾನವಾಗಿ. ಎರಡು ಸಲ. 46 ಬಂತು. ಅದರ ಸುತ್ತ ಒಂದು ಸೊನ್ನೆ ಸುತ್ತಿದರು. ಟ್ರೇ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಏನ್ರೀ, ನಿಮ್ಮ ರಾಡು ಮರಿ ಹಾಕೈತೇನು?"

ಲೇತ್ ಮೇಲಿದ್ದ ಹಿರಿಯ ಟರ್ನರ್, ನಾವೆಲ್ಲ ಮಾಮ ಅನ್ನುತ್ತೇವೆ, ಅವರು ಮಷೀನ್ ಆಫ್ ಮಾಡಿದರು. ಅದೇ ಹೊತ್ತಿಗೆ ಕಂಪ್ರೆಸರೂ ನಿಂತಿತು. ಶಾಪಿನಲ್ಲಿ ಅಷ್ಟು ಮೌನ ನಾನು ಆಯುಧಪೂಜೆಯ ಮಾರನೇ ದಿನವೂ ಕೇಳಿಲ್ಲ. 155 ಗುಣಿಸು 45 ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ಮೂರನೇ ಕ್ಲಾಸಿನ ಭಾಗಾಕಾರ ಹೊಳೆದಿರಲಿಲ್ಲ.

ಆಗಲಾದರೂ ಬಾಯಿ ಬಿಡಬಹುದಿತ್ತು, ಅಲ್ವಾ? ನಾನು ಹೇಳಿದ್ದು, "ಬಾರ್ ಉದ್ದ ಸ್ವಲ್ಪ ಜಾಸ್ತಿ ಬಂದಿತ್ತು ಸಾರ್."

"ಸ್ವಲ್ಪ ಅಂದ್ರ? ಮೂರು ಮೀಟರ್ ಹೋಗಿ ನಾಕು ಮೀಟರ್ ಆತೇನು?"

ಉತ್ತರ ಇಲ್ಲ. ಹೆಲ್ಪರ್ ಹುಡುಗ ತನ್ನ ಚಪ್ಪಲಿ ನೋಡುತ್ತಿದ್ದ. ಅವನೇನಾದರೂ ಬಾಯಿ ಬಿಟ್ಟಾನು ಅಂತ ನನಗೆ ಭಯ. ಅವನೋ, ಎಲ್ಲ ತನ್ನ ತಲೆಗೆ ಕಟ್ಟುತ್ತಾರೇನೋ ಅಂತ ಹೆದರಿದ್ದನಂತೆ, ಆಮೇಲೆ ಹೇಳಿದ. ಅದು ಕೇಳಿದಾಗ ಇನ್ಸ್‌ಪೆಕ್ಟರ್ ಮಾತಿಗಿಂತ ಜಾಸ್ತಿ ನಾಚಿಕೆಯಾಯಿತು. ಕೊನೆಗೆ ನಾನೇ ಎರಡನೇ ಟಿಸಿ ತಂದು ಮುಂದಿಟ್ಟೆ. ಹುಡುಗನದು ತಪ್ಪಿಲ್ಲ, ನಾನೇ ಹೊಡೆಸಿದ್ದು ಅಂದೆ.

ಅವರು ಬೈಯಲಿಲ್ಲ. ಸ್ಟೀಲು ಕಾಯಿಸಿ ಹದ ಮಾಡುವ ಹೀಟ್ ಟ್ರೀಟ್‌ಮೆಂಟಿನವನು ಟೆಂಪರಿಂಗ್ ಸೆಟ್ ಮಾಡುವುದು ಹೀಟ್ ನಂಬರ್ ನಂಬಿಕೊಂಡು, ನಾಳೆ ಯಾವುದೋ ಒಂದು ಪಿನ್ ಬಿರುಕು ಬಿಟ್ಟರೆ ಅದರ ಒಡಹುಟ್ಟಿದವರನ್ನು ಹುಡುಕಿ ತೋಪಿನಿಂದ ತೆಗೆಸುವುದೂ ಅದೇ ನಂಬರ್ ಹಿಡಿದು, ಅಂತ ಸುಮ್ನೆ ಹೇಳಿದರು. ಸೈಜು ತಪ್ಪಿದ್ದರೆ ಡೀವಿಯೇಷನ್, ಅಂದರೆ ಇಷ್ಟು ವ್ಯತ್ಯಾಸ ಒಪ್ಪಿಕೊಳ್ಳಿ ಅಂತ, ಕೇಳಬಹುದಿತ್ತಂತೆ. "ಸುಳ್ಳು ಪಂಚಿಗೆ ಡೀವಿಯೇಷನ್ ಫಾರ್ಮ್ ಇಲ್ರಿ" ಅಂದು ಇಡೀ ಲಾಟ್ ಹೋಲ್ಡ್ ಮಾಡಿ, ಟೀ ಕೂಡ ಕುಡಿಯದೆ ಹೋದರು.

ಆಮೇಲೆ 60 ಪೀಸೂ ಲ್ಯಾಬಿಗೆ ಹೋದವು, ಒಂದೊಂದಕ್ಕೂ ಸ್ಪೆಕ್ಟ್ರೋ, ಅಂದರೆ ಕಿಡಿ ಹಾರಿಸಿ ಸ್ಟೀಲಿನಲ್ಲಿ ಏನೇನು ಎಷ್ಟಿದೆ ಅಂತ ನೋಡುವ ಟೆಸ್ಟು. ಪುಣ್ಯಕ್ಕೆ ಎರಡು ಹೀಟಿನ ಮ್ಯಾಂಗನೀಸ್ ಸಾಕಷ್ಟು ಬೇರೆ ಇತ್ತು. ಇನ್ನೂ ರಫ್ ಪೀಸು, ಸ್ಪಾರ್ಕಿನ ಕಲೆ ಲೇತಿನಲ್ಲಿ ತುದಿ ಸವರುವಾಗ ಹೋಗುತ್ತೆ. ರಿಪೋರ್ಟ್ ಬಂತು. 46, 14. ಪೆನ್ಸಿಲ್ ಹೇಳಿದ್ದೇ ಸ್ಪೆಕ್ಟ್ರೋ ಹೇಳಿತು, ದುಡ್ಡು ಮಾತ್ರ ನಮ್ಮದು. ಅವರ ಎದುರೇ ಹಳೆಯ ನಂಬರ್ ತೆಗೆದು ಹೊಸದಾಗಿ ಹೊಡೆದೆವು, ಎರಡು ಲಾಟ್, ಎರಡು ಸೆಟ್ ಪೇಪರ್. ಮೂರು ವಾರ ಲೇಟು. ಯಾವ ಎಲ್‌ಡಿಗೆ ಹೆದರಿ ಇದೆಲ್ಲ ಮಾಡಿದೆನೋ ಅದೂ ಬಿತ್ತು. ಬೆಳಿಗ್ಗೆಯೇ ಒಂದು ಫೋನ್ ಮಾಡಿ "ಸಾರ್, ಮಿಕ್ಸ್ ಆಗಿದೆ" ಅಂದಿದ್ದರೆ ಬರೀ ಸ್ಪೆಕ್ಟ್ರೋ ಖರ್ಚಿನಲ್ಲಿ ಮುಗಿಯುತ್ತಿತ್ತು. ಓನರ್ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ, ಅದೊಂದು ಲಾಭ. ಆ ವರ್ಷ ಇನ್‌ಕ್ರಿಮೆಂಟ್ ಇಲ್ಲ, ಅದು ಬೇರೆ. ಮೆಟೀರಿಯಲ್ ಈಗಲೂ ತುಂಡು ತುಂಡಾಗಿಯೇ ತರಿಸುತ್ತಾರೆ. ಸಾಫ್ಟ್‌ವೇರೂ ಅದೇ, ಈಗ ಲಾಟ್ ನಂಬರಿನ ಮುಂದೆ ಎ, ಬಿ ಹಾಕಿ ಮೋಸ ಮಾಡುತ್ತೇವೆ, ಇದು ಒಳ್ಳೆಯ ಮೋಸ.

2021ರ ಅಕ್ಟೋಬರ್‌ನಲ್ಲಿ ಈ ಆಯುಧ ಕಾರ್ಖಾನೆಗಳನ್ನು ನೋಡಿಕೊಳ್ಳುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಹೋಗಿ, ಅದರ 41 ಕಾರ್ಖಾನೆಗಳನ್ನು 7 ಸರ್ಕಾರಿ ಕಂಪನಿಗಳಿಗೆ ಹಂಚಿದರು. ಲೆಟರ್‌ಹೆಡ್ ಬದಲಾಯಿತು, ವೆಂಡರ್ ಫಾರ್ಮ್ ಎಲ್ಲ ಮತ್ತೆ ತುಂಬಿಸಿದರು. ಆದರೆ ಇನ್ಸ್‌ಪೆಕ್ಷನ್‌ಗೆ ಯಾರೇ ಬರಲಿ, ಮೊದಲು ಕೇಳುವುದು ಇನ್‌ವರ್ಡ್ ರಿಜಿಸ್ಟರೇ.

ಆ ಬಾರಿನಲ್ಲಿ 46 ಪೀಸು ಕತ್ತರಿಸಿದ ಮೇಲೆ ಉಳಿಯುವುದು 10 ಎಂಎಂ. ಮಾಮ ಅವತ್ತು ಸಾಯಂಕಾಲ ಸ್ಕ್ರ್ಯಾಪ್ ಬಿನ್‌ನೊಳಗೆ ಕೈ ಹಾಕಿ ಆ ಬಿಲ್ಲೆಯನ್ನು ಹುಡುಕಿ ತೆಗೆದರು. ಮಿಲ್ಲಿನವರು ಹೊಡೆದ ಅಸಲಿ ನಂಬರು, ಹಳದಿ ಬಣ್ಣದ ಸಮೇತ, ಅದರ ಮೇಲೇ ಇತ್ತು. ಏನೂ ಹೇಳದೆ ನನ್ನ ಟೇಬಲ್ ಮೇಲಿಟ್ಟು ಕೈ ತೊಳೆಯಲು ಹೋದರು. ಈಗ ಅದು ಜಾಬ್ ಕಾರ್ಡುಗಳು ಫ್ಯಾನಿಗೆ ಹಾರದ ಹಾಗೆ ಹಿಡಿದುಕೊಂಡಿರುತ್ತೆ. ಹುಡುಗರು ಅದಕ್ಕೆ ಮರಿ ಅಂತ ಹೆಸರಿಟ್ಟಿದ್ದಾರೆ.